ಕರಿಕಲ್ಲಿನ ಮೇಲಿನ ನಕ್ಷತ್ರ

ನಮ್ಮ ಖಗೋಳ ವೀಕ್ಷಣಾಲಯದ ಗುರು ಲಾವ್ರೆಂತಿ ಒಸಿಪೊವಿಚ್ ತೀರಿಕೊಂಡು ವರ್ಷ ತುಂಬಿದ ದಿನ, ಅವರ ಹೆಂಡತಿ ರೈಸಾ ತಿಮೊಫೆಯೆವ್ನಾ ಸಮಾಧಿಗೆ ಕರಿಕಲ್ಲು ನಿಲ್ಲಿಸಿದರು. ಸುತ್ತಲಿನ ಕಲ್ಲುಗಳ ಮೇಲೆ ಸತ್ತವರ ಮುಖಗಳಿದ್ದವು. ಇದರ ಮೇಲೆ ಬೇರೊಂದು ಗ್ಯಾಲಕ್ಸಿಯ ನಕ್ಷತ್ರ ಕೆತ್ತಿತ್ತು. ಆ ಗ್ಯಾಲಕ್ಸಿಯಿಂದ ಪ್ರಚಂಡವಾಗಿ ಹೊಮ್ಮುವ ಎಕ್ಸ್-ರೇಗೆ ಈ ನಕ್ಷತ್ರವೇ ಮೂಲವೆಂದು ನಂಬಿ, ಗುರುಗಳು ಹನ್ನೊಂದು ವರ್ಷ ಅದನ್ನೇ ಅಳೆದಿದ್ದರು.

ನಂಬಿಸಿದವಳು ನಾನು. ಎಕ್ಸ್-ರೇ ಚಿತ್ರದ ಮೇಲೆ ದೂರದರ್ಶಕದ ಚಿತ್ರ ಕೂರಿಸಲು ನಾನು ಗುರುತಿಗೆ ಹಿಡಿದ, ಭೂಮಿಗೆ ಹತ್ತಿರದ ಇನ್ನೊಂದು ನಕ್ಷತ್ರ, ಎರಡು ಚಿತ್ರಗಳ ನಡುವಿನ ವರ್ಷಗಳಲ್ಲಿ ತಾನೇ ಸರಿದಿತ್ತು. ಹಾಗಾಗಿ ಎಕ್ಸ್-ರೇಯ ಮೂಲ ತಪ್ಪು ನಕ್ಷತ್ರದ ಮೇಲೆ ಬಿದ್ದಂತೆ ಕಂಡಿತ್ತು. ಅದು ಗೊತ್ತಾದದ್ದು ಹೋದ ವಾರ.

ಸತ್ತವರ ನೆನಪಿಗೆ ಹಂಚುವ ಜೇನುಗೋಧಿಯ ಪ್ರಸಾದವನ್ನು ಪಕ್ಕಕ್ಕಿಟ್ಟೆ. ರೈಸಾ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

"ಹಾಗಾದ್ರೆ ನಿಜವಾದ್ದು ಯಾವ್ದೇ, ಜರೇಮಾ?"

ಕೆತ್ತಿದ ನಕ್ಷತ್ರದ ಪಕ್ಕದ ಖಾಲಿ ಜಾಗಕ್ಕೆ ಬೆರಳಿಟ್ಟೆ. ಆಕಾಶದಲ್ಲಿ ಆ ಜಾಗದಲ್ಲಿರುವ ಮಂಕು ನಕ್ಷತ್ರವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

"ಇಷ್ಟು ಹತ್ರನಾ?" ರೈಸಾ ಬಹಳ ಹೊತ್ತು ನೋಡಿದರು. "ಕಲ್ಲು ಕೆತ್ತೋನನ್ನ ಕರೆಸು. ಅಲ್ಲೊಂದು ಚುಕ್ಕೆ ಹಾಕ್ಲಿ."

"ಮೊದಲಿನದನ್ನ ಅಳಿಸೋಕೆ ಹೇಳ್ಲಾ, ರೈಸಾ ತಿಮೊಫೆಯೆವ್ನಾ?"

"ನಿಮ್ಮ ವಿಜ್ಞಾನ ಪತ್ರಿಕೇಲಿ ಅಳಿಸ್ಕೋ. ಇಲ್ಲಿ ಮುಟ್ಟಿದ್ರೆ ನೋಡು! ಹನ್ನೊಂದು ವರ್ಷ ನನ್ನ ಮುಖ ಬಿಟ್ಟು ಅದನ್ನೇ ನೋಡಿದಾನೆ ಆ ಮನುಷ್ಯ."