ಹೊಳೆಯುವ ಕೊಪ್ಪರಿಗೆ

ಆಲೆಮನೆಗೆ ಬಂದವರನ್ನು ಹಾಗೇ ಕಳಿಸಬಾರದು ಎಂಬುದು ಸಾಸ್ತಾನದ ಕಡೆಯ ಕಟ್ಟಳೆ. ಹಾದಿಹೋಕನಿರಲಿ, ಗದ್ದೆಯ ಅಂಚಿಗಾಗಿ ಕೋರ್ಟು ಹತ್ತಿದ ದಾಯಾದಿಯೇ ಇರಲಿ, ಗಾಣ ತಿರುಗುವ ಅಂಗಳಕ್ಕೆ ಕಾಲಿಟ್ಟನೆಂದರೆ ಅವನಿಗೊಂದು ಗೆರಟೆ ಕಬ್ಬಿನ ಹಾಲು ಕೊಡಲೇಬೇಕು. ಇಂಥ ಕಟ್ಟಳೆ ಇನ್ನೂ ನಾಲ್ಕಾರಿದ್ದವು. ಮೆಟ್ಟು ಹಾಕಿಕೊಂಡು ಒಲೆಯ ಹತ್ತಿರ ಸುಳಿಯಬಾರದು. ಮಜ್ಜಿಗೆ, ಉಪ್ಪಿನಕಾಯಿ, ಹುಳಿ, ಇಂಥದ್ದೇನೂ ಅಂಗಳದ ಬೇಲಿಯ ದಣಪೆ ದಾಟಿ ಒಳಗೆ ಬರಬಾರದು, ಬಂದರೆ ಪಾಕ ಕಟ್ಟುವುದಿಲ್ಲ. ಇದಿಷ್ಟೂ ಮೀನು ಮಾರುವ ಪದ್ದುವಿಗೆ ಬಾಯಿಪಾಠ. ಕೋಡಿಯ ಕಡಲ ಬದಿಯಿಂದ ಬುಟ್ಟಿ ಹೊತ್ತು ಚಂದಯ್ಯ ಶೆಟ್ಟರ ಅಂಗಳಕ್ಕೆ ಅವಳು ಬರಲು ಶುರುಮಾಡಿದ್ದು ಮಗಳು ರತ್ನ ಹುಟ್ಟುವ ಮೊದಲೇ. ಈಗ ಆ ರತ್ನಳೇ ಹೆತ್ತು ಬಾಣಂತಿಯಾಗಿ ಮನೆಯಲ್ಲಿ ಮಲಗಿದ್ದಳು.

ಬಾಣಂತಿಗೆ ಲೇಹ್ಯ ಆಗಬೇಕು, ಲೇಹ್ಯಕ್ಕೆ ಬೆಲ್ಲ ಬೇಕು. ಯುದ್ಧದ ಕಾಲ, ಸಕ್ಕರೆ ಎಂಬುದು ಕಂಟ್ರೋಲಿನ ಅಂಗಡಿಯಲ್ಲಿ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪಾಯಸಕ್ಕೂ ಬೆಲ್ಲ, ಚಾಕ್ಕೂ ಬೆಲ್ಲ, ಪೇಟೆಗೆ ಹೋದರೆ ಅದಕ್ಕೂ ಬರಗಾಲ. ಪದ್ದುವಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಮಳೆಗಾಲದಲ್ಲಿ ಅವಳು ಕೊಟ್ಟ ಒಣಮೀನಿಗೆ ಆಲೆಮನೆಯ ಕಾಲದಲ್ಲಿ ಶೆಟ್ಟರ ಮನೆಯಿಂದ ಬೆಲ್ಲ, ಇದು ಎಷ್ಟೋ ವರ್ಷದ ರೂಢಿ.

ಆ ವರ್ಷ ಶೆಟ್ಟರ ಮನೆಯ ಕಬ್ಬಿಣದ ಕೊಪ್ಪರಿಗೆ ಬಿರುಕು ಬಿಟ್ಟಿತು. ಹೊಸದು ತರೋಣವೆಂದರೆ ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿದೆಯಂತೆ, ಕುಂದಾಪುರದಲ್ಲೂ ಇಲ್ಲ. ಕೊನೆಗೆ ಮದುವೆ ಮುಂಜಿಯ ಊಟಕ್ಕೆಂದು ಅಟ್ಟದಲ್ಲಿಟ್ಟಿದ್ದ ತಾಮ್ರದ ದೊಡ್ಡ ಕೊಪ್ಪರಿಗೆಯನ್ನೇ ಇಳಿಸಿದರು. ಶೆಟ್ಟರ ಹೆಂಡತಿ ರಾಜೀವಿ ಶೆಡ್ತಿಗೆ ಅದೊಂದು ಹೆಮ್ಮೆ. ಊರಲ್ಲಿ ಯಾರ ಆಲೆಮನೆಯಲ್ಲಿ ತಾಮ್ರದ ಕೊಪ್ಪರಿಗೆ ಉಂಟು ಹೇಳಿ! ಗಾಣ ತಿರುಗುವ ಮೊದಲೇ ಬಂದವರಿಗೆಲ್ಲ ಕೊಪ್ಪರಿಗೆ ತೋರಿಸುತ್ತಿದ್ದಳು.

ಆಲೆಮನೆ ಶುರುವಾದ ಮೇಲೆ ಆ ಹೆಮ್ಮೆ ಒಂದು ದಿನವೂ ಉಳಿಯಲಿಲ್ಲ. ಗಾಣಕ್ಕೆ ಕೋಣ ಕಟ್ಟಿದ ಮೊದಲ ಬೆಳಿಗ್ಗೆಯೇ ಪಾಕ ಕೆಟ್ಟಿತು. ಪಾಕ ಹಿಡಿಯುವವನು ಐತ, ಆ ಕೆಲಸದಲ್ಲೇ ತಲೆ ನರೆತವನು. ಅವನು ಎಷ್ಟು ಕಾಯಿಸಿದರೂ ಅದು ಬೆಲ್ಲವಾಗಲೊಲ್ಲದು. ಅಚ್ಚಿಗೆ ಹೊಯ್ದರೆ ಹಲಸಿನ ಮಯಣದ ಹಾಗೆ ಅಂಟುಅಂಟಾಗಿ ಕುಳಿತಿತು. ವಿಚಿತ್ರವೆಂದರೆ ಅದೇ ಕಬ್ಬು, ಅದೇ ಒಲೆ, ಮಧ್ಯಾಹ್ನದ ಪಾಕ ಕಲ್ಲಿನಂತೆ ಕಟ್ಟಿತು. ಮರುದಿನವೂ ಹಾಗೇ. ಬೆಳಗಿನದು ಅಂಟು, ಮಧ್ಯಾಹ್ನದ್ದು ಬೆಲ್ಲ.

ಬೆಳಿಗ್ಗೆ ಅಂಗಳದಲ್ಲಿ ಇದ್ದವರು ಯಾರು, ಮಧ್ಯಾಹ್ನ ಇಲ್ಲದವರು ಯಾರು ಎಂದು ರಾಜೀವಿ ಶೆಡ್ತಿ ಲೆಕ್ಕ ಹಾಕಿದಳು. ಲೆಕ್ಕ ಸುಲಭವಾಗಿತ್ತು, ಎರಡು ದಿನವೂ ಬೆಳಿಗ್ಗೆ ಮಾತ್ರ ಬಂದು ಹೋದವಳು ಪದ್ದು ಒಬ್ಬಳೇ. ಮೂರನೆಯ ಬೆಳಿಗ್ಗೆ ಪದ್ದು ಬಂಗುಡೆ ಬುಟ್ಟಿ ಹೊತ್ತು ಬಂದಾಗ ಶೆಡ್ತಿ ದಣಪೆಯ ಹತ್ತಿರವೇ ನಿಂತಿದ್ದಳು.

“ಅಲ್ಲೇ ನಿಲ್ಲ್ ಪದ್ದು. ಬುಟ್ಟಿಯೊಳ್ಗೆ ಹುಳಿ ಗಿಳಿ ಎಂತಾರೂ ಇತ್ತಾ?”

“ಹುಳಿಯಾ? ನಾ ಎಂತಕ್ಕೆ ಹುಳಿ ಹೊತ್ಕಂಡ್ ತಿರ್ಗಲಿ ಅಮ್ಮ? ಬಂಗ್ಡಿ ಇತ್ತ್, ಕಾಣಿ.”

ಶೆಡ್ತಿ ಬುಟ್ಟಿಯೊಳಗೆ ಇಣುಕಿ ನೋಡಿದಳು. ಮೀನಲ್ಲದೆ ಬೇರೇನೂ ಇರಲಿಲ್ಲ. ಹುಳಿಯೇ ಸಿಕ್ಕಿದ್ದರೆ ಪದ್ದುವಿಗೆ ಎಷ್ಟೋ ಒಳ್ಳೆಯದಿತ್ತು.

“ಹಾಂಗಾರೆ ಕಣ್ಣೇ ಸೈ,” ಎಂದಳು ಶೆಡ್ತಿ. “ನೀ ಬಂದ್ ನಿಂತ್ಕಂಡ್ರೆ ಪಾಕ ಹಾಳಾತ್ತ್, ನೀ ಹೋದ್ರೆ ಕಟ್ಟತ್ತ್. ಹಾಲ್ ಕುಡಿ, ಬೇಡ ಅನ್ನುದಿಲ್ಲ. ಒಳ್ಗೆ ಮಾತ್ರ ಬರ್ಬೇಡ.”

ದಣಪೆಯಾಚೆಗೆ ಒಂದು ಗೆರಟೆ ಹಾಲು ಬಂತು. ಪದ್ದು ಅದನ್ನು ಕುಡಿಯದೆ ಅಲ್ಲೇ ಕಲ್ಲಿನ ಮೇಲಿಟ್ಟು ನಡೆದಳು. ಅವಳ ಬಾಯಿ ಸುಮ್ಮನಿರುವ ಬಾಯಲ್ಲ, ಮೀನುಪೇಟೆಯಲ್ಲಿ ಪದ್ದುವಿನ ಎದುರು ಚೌಕಾಶಿ ಮಾಡಿ ಗೆದ್ದವರಿಲ್ಲ. ಆದರೆ ಇದು ಮೀನಿನ ಬೆಲೆಯ ಮಾತಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು ಎಂದು ಯಾರಿಗೆ ಬಿಡಿಸಿ ಹೇಳುವುದು? ಅಂದಿನ ಬೆಳಗಿನ ಪಾಕವೂ ಕಟ್ಟಲಿಲ್ಲ. ಪದ್ದು ಒಳಗೇ ಬಂದಿಲ್ಲವಲ್ಲ ಅಂದರೆ, ದಣಪೆಯಿಂದಲೇ ಕಂಡಳಲ್ಲ ಎಂಬ ಉತ್ತರ ಸಿದ್ಧವಿತ್ತು.

ಬೆಲ್ಲ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಮಾತು ಅಂಗಳದಲ್ಲೇ ನಿಲ್ಲುತ್ತದೆಯೇ! ಸಂಜೆಯೊಳಗೆ ಅದು ಕೇರಿಯೆಲ್ಲ ಸುತ್ತಿ ಬಂತು. ಮಾರನೆಯ ದಿನ ಆಚೆಮನೆಯ ಅಮ್ಮಣಿ ಪದ್ದುವನ್ನು ಕಂಡದ್ದೇ ತೊಟ್ಟಿಲ ಮಗುವನ್ನೆತ್ತಿಕೊಂಡು ಒಳಗೆ ಹೋದಳು, ಮೀನು ಬೇಡ ಎನ್ನಲೂ ಹೊರಗೆ ಬರಲಿಲ್ಲ. ಇನ್ನೊಂದು ಮನೆಯಲ್ಲಿ ಕರೆಯುವ ಹಸುವನ್ನು ಮರೆಗೆ ಕಟ್ಟಿದರು. ಮೀನು ಮಾರುವವಳಿಗೆ ಅಂಗಡಿಯುಂಟೇ, ಮುಂಗಟ್ಟುಂಟೇ? ಹತ್ತು ಮನೆಯ ಅಂಗಳವೇ ಅವಳ ಅಂಗಡಿ. ಕೆಟ್ಟ ಕಣ್ಣಿನವಳು ಅಂತ ಹೆಸರು ಬಿದ್ದರೆ ಆ ಹತ್ತೂ ದಣಪೆ ಮುಚ್ಚಿದ ಹಾಗೆ. ಪದ್ದುವಿಗೆ ಹೆದರಿಕೆಯಾಯಿತು. ಗಂಡನನ್ನು ಕಡಲು ತೆಗೆದುಕೊಂಡಾಗಲೂ ಬುಟ್ಟಿ ಇತ್ತು, ಬುಟ್ಟಿಗೆ ಮನೆಗಳಿದ್ದವು. ಈಗ ಬುಟ್ಟಿಯಲ್ಲಿ ಅರ್ಧ ಮೀನು ಹಾಗೇ ಉಳಿದಿತ್ತು.

ಉಳಿದ ಮೀನನ್ನು ಸಾಸ್ತಾನದ ಪೇಟೆಯಲ್ಲಿ ಹೇಗೋ ಮುಗಿಸಿ, ಸಂಜೆ ಬಿಸಿಲಿಳಿಯುವಾಗ ಅವಳು ಶೆಟ್ಟರ ಮನೆಯ ಹಿತ್ತಿಲ ಹಾದಿ ಹಿಡಿದು ವಾಪಸಾಗುತ್ತಿದ್ದಳು. ಬಾವಿಯ ಹತ್ತಿರ ಬರಬರ ಸದ್ದು ಕೇಳಿಸಿತು. ಶೆಟ್ಟರ ಸೊಸೆ ಕುಸುಮಾವತಿ, ಬಾರ್ಕೂರಿನಿಂದ ಈ ವರ್ಷವಷ್ಟೇ ಮದುವೆಯಾಗಿ ಬಂದ ಹುಡುಗಿ, ತಾಮ್ರದ ಕೊಪ್ಪರಿಗೆಯೊಳಗೆ ಸೊಂಟದವರೆಗೆ ಬಗ್ಗಿ ತಿಕ್ಕುತ್ತಿದ್ದಳು. ಪಕ್ಕದ ಗೆರಟೆಯಲ್ಲಿ ಕಪ್ಪಗೆ ಏನೋ ಇತ್ತು. ಪದ್ದು ಬಗ್ಗಿ ಮೂಸಿದಳು. ಹಳೇ ಹುಣಸೆಹುಳಿ, ಉಪ್ಪು ಬೆರೆಸಿ ಕಿವುಚಿದ್ದು.

“ಇದೆಂತ ಸಣ್ಣಮ್ಮ?”

ಹುಡುಗಿ ಬೆಚ್ಚಿ ತಲೆಯೆತ್ತಿದಳು. “ಹುಳಿ. ತಾಮ್ರ ಅಂದ್ರೆ ಮೋರೆ ಕಾಂಬಂಗಿರ್ಕ್ ಅಂದ್ರ್ ಅತ್ತೆ. ದಿನಾ ಸಂಜಿಗೆ ಹುಳಿ ಬಳ್ದ್ ತಿಕ್ಕ್ತೆ.”

“ತೊಳುದ್ ಹ್ಯಾಂಗ್?”

“ಎರಡ್ ಕೊಡ ನೀರ್ ಹಾಕಿ ಮಗುಚ್ತೆ. ಒಬ್ಳಿಗೇ ಎತ್ತುಕೆ ಆತ್ತಿಲ್ಲೆ, ಭಾರ.”

ಪದ್ದು ಕೊಪ್ಪರಿಗೆಯ ಬಾಯಂಚಿನ ಮಡಿಕೆಯಲ್ಲಿ ಬೆರಳಾಡಿಸಿದಳು. ಹುಳಿಯ ನಾರು ಬೆರಳಿಗೆ ಅಂಟಿ ಬಂತು. ಬೆಳಿಗ್ಗೆ ಹಾಲು ಕುದಿದು ಉಕ್ಕಿದಾಗ ಮಡಿಕೆಯ ಹುಳಿಯೆಲ್ಲ ಇಳಿದು ಪಾಕ ಸೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೊಪ್ಪರಿಗೆ ತಾನಾಗಿ ತೊಳೆದುಹೋಗಿರುತ್ತದೆ. ಸಂಜೆ ಮತ್ತೆ ಹುಳಿ. ಇಷ್ಟೇ ಸಂಗತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು.

“ಆಲೆಮನಿಗೆ ಹುಳಿ ಆಗುದಿಲ್ಲ ಅಂದ್ಹೇಳಿ ಗೊತ್ತಿಲ್ಯಾ ನಿಂಗೆ?” ಪದ್ದುವಿನ ಸ್ವರ ಏರಿತು.

“ನಮ್ಮಲ್ಲಿ ಗದ್ದಿ, ತೆಂಗ್ ಅಷ್ಟೇ. ಕಬ್ಬ್ ಕಂಡದ್ದೇ ಈ ಮನಿಗ್‌ ಬಂದ್ಮೇಲೆ,” ಎನ್ನುತ್ತಿದ್ದ ಹುಡುಗಿಗೆ ಅರ್ಧ ಮಾತಿನಲ್ಲೇ ಎಲ್ಲ ಹೊಳೆಯಿತು. “ಅಯ್ಯೋ, ನಾನಾ? ಅಷ್ಟೂ ಪಾಕ ಹಾಳ್ ಮಾಡದ್ದ್ ನಾನಾ? ಅತ್ತೆಗೆ ಹೇಳ್ಬೇಡ ಪದ್ದಕ್ಕ, ನಿನ್ನ್ ಕಾಲ್ ಹಿಡ್ಕಂತೆ. ನನ್ನ್ ಅಪ್ಪನ ಮನಿಗೆ ಅಟ್ಟುದೇ ಸೈ.”

ಆ ಕ್ಷಣ ಪದ್ದುವಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ, ಊರು ಸೇರುವ ಹಾಗೆ ಕೂಗಬೇಕು ಅನ್ನಿಸಿತು. ಆದರೆ ಮುಂದೆ ಚಾಚಿದ ಆ ಅಂಗೈಗಳು! ಹುಳಿ, ಉಪ್ಪು ತಿಂದು ಬೆರಳ ಸಂದೆಲ್ಲ ಒಡೆದು ಕೆಂಪಾಗಿತ್ತು. ರತ್ನಳದ್ದೇ ಪ್ರಾಯ. ಹಾಳಾಗಿ ಹೋಗಲಿ ಎಂದುಕೊಂಡು ಪದ್ದು ಬುಟ್ಟಿ ಕೆಳಗಿಟ್ಟಳು.

“ಕೂಗ್ಬೇಡ ಹೆಣೆ,” ಎಂದಳು. ಸಣ್ಣಮ್ಮ ಎನ್ನುವುದು ಮರೆತೇಹೋಗಿತ್ತು. “ಹೇಳುದಿಲ್ಲ ಆಯ್ತಾ. ಹುಳಿ ಎಸಿ, ಬೂದಿ ಹಾಕಿ ತಿಕ್ಕ್. ಈ ಮಡ್ಕಿ ಚೆಂದ ಮಾಡಿ ತೊಳಿ. ನಾಳೆ ಬೆಳಿಗ್ಗೆ ನಾ ಬತ್ತೆ, ಕೊಪ್ಪರ್ಗಿ ಎದ್ರೇ ನಿಲ್ತೆ. ನಾ ನಿಂತದ್ದೂ ಎಲ್ಲರಿಗೆ ಕಾಣ್ಕ್, ಪಾಕ ಕಟ್ಟಿದ್ದೂ ಕಾಣ್ಕ್. ಅಷ್ಟಾರೆ ನಿಂದೂ ಉಳಿತ್ತ್, ನಂದೂ ಉಳಿತ್ತ್.”

ಮರುದಿನ ಪದ್ದು ದಣಪೆಯ ಮುಂದೆ ನಿಲ್ಲಲಿಲ್ಲ. ನೇರ ಅಂಗಳಕ್ಕೆ ನಡೆದು, ಬುಟ್ಟಿ ಇಳಿಸಿ, ಒಲೆಯ ಎದುರು ನಿಂತಳು. ರಾಜೀವಿ ಶೆಡ್ತಿ ಬಾಯಿ ತೆಗೆಯುವ ಮೊದಲೇ ಅವಳೇ ಹೇಳಿದಳು:

“ಆಲೆಮನಿಗೆ ಬಂದೋರನ್ನ ಅಟ್ಟೂಕಾಗುದಿಲ್ಲ ಅಮ್ಮ, ಕಟ್ಟಳೆ ಇತ್ತ್. ಇವತ್ತ್ ಪಾಕ ಕಟ್ಟೂವರಿಗೆ ನಾ ಇಲ್ಲೇ ನಿಲ್ತೆ. ಕಟ್ಲಿಲ್ಲ ಅಂದ್ರೆ ಇನ್ನ್ ಮೇಲೆ ಈ ಊರಿಗೇ ಬತ್ತಿಲ್ಲೆ.”

ಗಾಣ ಹೊಡೆಯುವವರು, ಕಬ್ಬು ಹೊರುವವರು ಎಲ್ಲ ತಿರುಗಿ ನೋಡಿದರು. ಐತ ಸೌಟು ಹಿಡಿದು ಶೆಡ್ತಿಯ ಮುಖ ನೋಡಿದ. “ನಿಲ್ಲಲಿ,” ಎಂದಳು ಶೆಡ್ತಿ. “ನಾ ಹಟ್ಟಿಯಂಗಡಿ ಗಣಪನಿಗೆ ಕಾಯಿ ಹೇಳ್ಕಂಡಿದ್ದೆ. ಅದೆಂತ ಆತ್ತ್ ಕಾಂಬ.”

ಆಗ ಪದ್ದುವಿನ ಕಣ್ಣು ಕೊಪ್ಪರಿಗೆಯ ಮೇಲೆ ಬಿತ್ತು. ಕೊಪ್ಪರಿಗೆ ಹೊಳೆಯುತ್ತಿತ್ತು, ನಿನ್ನೆಗಿಂತ ಹೆಚ್ಚು. ಬರೀ ಬೂದಿಗೆ ತಾಮ್ರ ಹಾಗೆ ಹೊಳೆಯುವುದುಂಟೇ? ಹುಡುಗಿ ಅತ್ತೆಗೆ ಹೆದರಿ ಮತ್ತೆ ಹುಳಿಯನ್ನೇ ಹಾಕಿದ್ದಾಳೆ. ಸುತ್ತ ನೋಡಿದರೆ ಕುಸುಮಾವತಿ ಕಾಣಲೇ ಇಲ್ಲ. ಆಡಿದ ಮಾತು ಆಡಿಯಾಗಿತ್ತು, ನಾಲ್ಕು ಮಂದಿ ಕೇಳಿಯಾಗಿತ್ತು.

ಹಾಲು ಕುದಿಯಿತು. ಐತ ಬೆಂಡೆಗಿಡದ ಲೋಳೆ ಹಾಕಿದ, ಕೊಳೆ ಕೆನೆಗಟ್ಟಿ ಮೇಲೆ ಬಂತು, ತೆಗೆದ. ನೊರೆ ಬಾಯಂಚಿನವರೆಗೆ ಉಕ್ಕಿ ಇಳಿಯಿತು. ಹೊಗೆಗೆ ಪದ್ದುವಿನ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಅವಳು ಕದಲಲಿಲ್ಲ. ಪಾಕ ದಪ್ಪಗಾಗಿ ಲೊಚಲೊಚ ಎನ್ನತೊಡಗಿದಾಗ ಐತ ಸೌಟಿನ ತುದಿಯಿಂದ ಒಂದಿಷ್ಟು ತಣ್ಣೀರಿಗೆ ಬಿಟ್ಟ, ಬೆರಳಲ್ಲಿ ಉಂಡೆ ಮಾಡಿದ. ಉಂಡೆಯಾಯಿತು. ಅದನ್ನು ತಂಬಿಗೆಗೆ ಹೊಡೆದ. ಟಣ್ ಎಂದಿತು.

“ಕಟ್ಟಿತ್ತ್!” ಎಂದ ಐತ. “ಇಳ್ಸಿ, ಇಳ್ಸಿ!”

ಅಚ್ಚಿಗೆ ಹೊಯ್ದ ಬೆಲ್ಲ ನೋಡುನೋಡುತ್ತ ಗಟ್ಟಿಯಾಯಿತು. ಪದ್ದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ರಾಜೀವಿ ಶೆಡ್ತಿ ಎರಡೂ ಕೈ ಜೋಡಿಸಿ ಗಟ್ಟಿಯಾಗಿ ಹೇಳಿದಳು:

“ಗಣಪ ಕೈ ಬಿಡ್ಲಿಲ್ಲ! ನಿನ್ನ್ ಕಣ್ಣಿನ ದೋಷ ತೆಗ್ದ ಕಾಣ್ ಪದ್ದು. ಇನ್ನ್ ನೀ ಬಪ್ಪುಕೆ ಅಡ್ಡಿಲ್ಲ. ತಕೋ, ಮಗ್ಳಿಗೆ ಬೆಲ್ಲ ತಕಂಡ್ಹೋಗ್.”

ಎಲ್ಲರೂ ಹೌದು ಹೌದು ಎಂದರು. ಪದ್ದು ಬೆಲ್ಲದ ಅಚ್ಚು ಕೈಯಲ್ಲಿ ಹಿಡಿದು ನಿಂತಳು. ದೋಷ ತೆಗೆದ ಎಂದರೆ ದೋಷ ಇತ್ತೆಂದಾಯಿತಲ್ಲ! ನಾಳೆ ಯಾರದೋ ಹಸು ಒದ್ದರೆ, ಮಗು ಅತ್ತರೆ, ಪದ್ದುವಿನ ಕಣ್ಣು ಮತ್ತೆ ಬಂತು ಎನ್ನುತ್ತಾರೆ. ಗೆದ್ದದ್ದು ಗಣಪ, ಸೋತದ್ದು ಅವಳೇ. ನಾಲಿಗೆಯ ತುದಿಗೆ ಮಾತು ಬಂದಿತ್ತು. ಕೊಟ್ಟ ಮಾತು ಅದನ್ನು ತಡೆಯಿತು. ಅವಳು ಬೆಲ್ಲವನ್ನು ಬುಟ್ಟಿಗೆ ಹಾಕಿ, ಸಿಂಬಿ ಸರಿಮಾಡಿಕೊಂಡು, ಬುಟ್ಟಿ ತಲೆಗೇರಿಸಿ ದಣಪೆಯತ್ತ ನಡೆದಳು.

“ಪದ್ದಕ್ಕ, ನಿಲ್ಲ್!”

ಕುಸುಮಾವತಿ ಹಿತ್ತಿಲಿನಿಂದ ಓಡಿ ಬಂದಿದ್ದಳು. ಸೊಸೆಯಾಗಿ ಬಂದಮೇಲೆ ಅವಳ ಸ್ವರವನ್ನು ಆ ಅಂಗಳ ಅಷ್ಟು ಗಟ್ಟಿಯಾಗಿ ಕೇಳಿದ್ದಿಲ್ಲ.

“ಕಣ್ಣೂ ಅಲ್ಲ, ಕಾಯೂ ಅಲ್ಲ ಅತ್ತೆ. ಹುಳಿ. ನೀವ್ ಕೊಪ್ಪರ್ಗಿ ಹೊಳೀಕ್ ಅಂದ್ರಿ ಅಂದ್ಹೇಳಿ ನಾ ದಿನಾ ಹುಳಿ ಹಾಕಿ ತಿಕ್ಕ್ತಿದ್ದೆ. ನಿನ್ನೆ ಪದ್ದಕ್ಕ ಕಂಡ್ಳ್. ಬೂದಿ ಹಾಕ್ ಅಂದ್ಳ್. ನೀವ್ ಬಾವಿಕಟ್ಟಿಗ್ ಬಂದ್ ನಿಂತ್ಕಂಡ್ರಿ, ಹುಳಿ ಹಾಕ್ದೆ ಇಪ್ಪುಕೆ ಆಯ್ಲಿಲ್ಲ. ನೀವ್ ಒಳ್ಗ್ ಹೋದ್ಮೇಲೆ ಬೂದಿ ಹಾಕಿ ಮತ್ತೆ ತಿಕ್ಕ್ದೆ, ನೀರ್ ಸೇದಿ ಸೇದಿ ತೊಳ್ದೆ.” ಅವಳು ಅಂಗೈ ಬಿಡಿಸಿದಳು. ಹಗ್ಗ ಉಜ್ಜಿ ಬೊಬ್ಬೆಗಳೆಲ್ಲ ಒಡೆದಿದ್ದವು. “ನನ್ನ್ ಹೆಸ್ರ್ ಹೇಳ್ಕಾತ್ತ್ ಅಂದ್ಹೇಳಿ ಅವ್ಳ್ ಬಾಯ್ ಮುಚ್ಕಂಡ್ ಹೋತಿದ್ಳ್.”

ಕೋಣಗಳು ಕೂಡ ನಿಂತುಬಿಟ್ಟವು. ಐತ ಬಗ್ಗಿ ಕೊಪ್ಪರಿಗೆಯ ಮಡಿಕೆ ಇಣುಕಿ ನೋಡಿ, ತಲೆ ಮೇಲೆ ಕೈಯಿಟ್ಟುಕೊಂಡ. ರಾಜೀವಿ ಶೆಡ್ತಿ ಸೊಸೆಯ ಅಂಗೈ ನೋಡಿದಳು, ಕೊಪ್ಪರಿಗೆ ನೋಡಿದಳು. ಅವಳ ಮುಖ ಅದರ ಬಾಯಂಚಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಅವಳು ಬಯಸಿದ್ದ ಹಾಗೆಯೇ.

“ಹೊಳೀಕ್ ಅಂದದ್ದ್ ನಾನೇ ಅಲ್ದಾ,” ಎಂದಳು. ಸೊಸೆಗೆ ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದು, ನೆಂಟರಿಗೆ ಇಡುವಂತೆ ಜಗಲಿಯ ಮೇಲಿಟ್ಟಳು. “ಬಾ ಪದ್ದು. ಕೂಕೋ. ತಪ್ಪಾಯ್ತ್.”

ಪದ್ದು ಕೂರಲಿಲ್ಲ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಬೆಲ್ಲ-ನೀರ್ ಆಮೇಲ್ ಕುಡಿತೆ ಅಮ್ಮ. ನೀವ್ ಇಲ್ಲ್ ತಪ್ಪಾಯ್ತ್ ಅಂದ್ರೆ ಆಚೆಮನಿ ಅಮ್ಮಣಿಗೆ ಕೇಳ್ತಾ? ಕೇರಿಗೆಲ್ಲ ಹೋದ್ ಮಾತ್ ಕೇರಿಗೇ ಹೋಯಿ ವಾಪಾಸ್ ತರ್ಬೇಕ್.”

ಶೆಟ್ಟರ ಮನೆಯ ಶೆಡ್ತಿಯೊಡನೆ ಹಾಗೆ ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ. ರಾಜೀವಿ ಶೆಡ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳಕ್ಕೆ ಇಳಿದಳು. ದಣಪೆಯನ್ನು ತಾನೇ ಸರಿಸಿದಳು.

ಮುಂದೆ ಶೆಡ್ತಿ, ಹಿಂದೆ ಬುಟ್ಟಿ ಹೊತ್ತ ಪದ್ದು. ಗದ್ದೆಯಂಚಿನ ಮೇಲೆ ನಡೆದು ಆಚೆಮನೆಯ ಅಂಗಳ ತಲುಪಿದಾಗ ಅಮ್ಮಣಿ ರೂಢಿಯಂತೆ ಮಗುವನ್ನೆತ್ತಿಕೊಂಡು ಒಳಗೆ ಹೊರಟಿದ್ದಳು.

“ಹ್ವಾಯ್ ಅಮ್ಮಣಿ! ಎಲ್ಲಿಗ್ ಓಡ್ತೆ?” ಕೂಗಿದಳು ಶೆಡ್ತಿ. “ಪಾಕ ಹಾಳ್ ಮಾಡದ್ದ್ ಪದ್ದುವಿನ್ ಕಣ್ಣಲ್ಲ, ನನ್ನ್ ಬುದ್ಧಿ! ಬಾ ಇಲ್ಲ್, ಮೀನ್ ತಕೋ, ಬಂಗ್ಡಿ ಲಾಯ್ಕಿತ್ತ್!”

ಅವತ್ತು ಹತ್ತೂ ಅಂಗಳದಲ್ಲಿ ಶೆಡ್ತಿ ಅದನ್ನೇ ಕೂಗಿದಳು, ಕೊನೆಕೊನೆಗೆ ಮೀನಿನ ಗುಣಗಾನವೂ ಅವಳ ಬಾಯಿಗೆ ಸಲೀಸಾಗಿ ಬಂತು. ಮಧ್ಯಾಹ್ನದೊಳಗೆ ಪದ್ದುವಿನ ಬುಟ್ಟಿಯಲ್ಲಿ ರತ್ನಳ ಬೆಲ್ಲವೊಂದೇ ಉಳಿದಿತ್ತು. ವಾಪಸು ಬರುವಾಗ ಅವಳು ಶೆಟ್ಟರ ಜಗಲಿಯ ಮೇಲೆ ಕೂತು ಬೆಲ್ಲ ಕಚ್ಚಿ, ತಂಬಿಗೆ ನೀರು ಕುಡಿದಳು. ಕುಸುಮಾವತಿ ಬಾವಿಕಟ್ಟೆಯಲ್ಲಿ ಬೂದಿ ಹಿಡಿದು ಕೂತಿದ್ದಳು. ಆ ವರ್ಷ ಪೂರ್ತಿ ಶೆಟ್ಟರ ಕೊಪ್ಪರಿಗೆ ಮಸುಕಾಗಿಯೇ ಇತ್ತು, ಬೆಲ್ಲ ಚೆನ್ನಾಗಿ ಬಂತು.