ಐವತ್ತೆಂಟು ಗ್ರಾಮಿನ ಜಗಳ

ಬೇಕರಿಯವನ ಮನೆಯಲ್ಲಿ ಇದ್ದವರು ಮೂರು ಜನ, ಜಗಳ ಮಾತ್ರ ಒಂದೂ ಇರಲಿಲ್ಲ. ಅದೇ ಅವನ ತಲೆನೋವು. ಮದುವೆಯಾಗಿ ಎರಡು ವರ್ಷ ಕಳೆದರೂ ಅವನ ತಾಯಿ ಸೊಸೆಯನ್ನು 'ನೀವು' ಎಂದೇ ಮಾತನಾಡಿಸುತ್ತಿದ್ದಳು. ಸೊಸೆ ದೊಡ್ಡಾಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನರ್ಸು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ತೊಟ್ಟು, ಎದೆಗೆ ಪುಟ್ಟ ಗಡಿಯಾರ ಸಿಕ್ಕಿಸಿಕೊಂಡು ಹೊರಡುವ ಹೆಣ್ಣನ್ನು ಏಕವಚನದಲ್ಲಿ ಕರೆಯಲು ಆಕೆಗೆ ನಾಲಿಗೆ ಏಳುತ್ತಿರಲಿಲ್ಲ. ಸೊಸೆಯೇನೂ ಕಡಿಮೆಯಲ್ಲ. "ಅತ್ತೆ, ನೀವು ಊಟಕ್ಕೆ ಕೂತ್ಕೊಳ್ಳಿ" ಎನ್ನುವಳು. "ಛೆ, ದಣಿದು ಬಂದಿದೀರಿ, ಮೊದಲು ನೀವು ಕೂತ್ಕೊಳ್ಳಿ" ಎಂದು ಈಕೆ. ಇಬ್ಬರೂ ನಿಂತೇ ಇರುವರು, ಊಟ ಆರುವುದು. ಕೊನೆಗೆ ಹಸಿವು ತಾಳಲಾರದೆ ಬೇಕರಿಯವನು ಕೂತು, ಮರ್ಯಾದೆ ಗೊತ್ತಿಲ್ಲದವನು ಎನಿಸಿಕೊಳ್ಳುವನು.

ಆ ಮನೆಗೆ ಜಗಳ ಬಂದದ್ದು ಒಂದು ಖಾಲಿ ಮೈದಾ ಚೀಲದಿಂದ.

ಬೇಕರಿಯ ಹಿಂದಿನ ಉಗ್ರಾಣದಲ್ಲಿ ಒಂದು ಬೂದು ಬೆಕ್ಕು ವಾಸವಾಗಿತ್ತು. ಬಸುರಿ ಬೇರೆ. ಒಂದು ಸಂಜೆ ಒಟ್ಟಿ ಇಟ್ಟಿದ್ದ ಮೈದಾ ಮೂಟೆಗಳು ಧೊಪ್ಪನೆ ಕುಸಿದವು. ಬೆಕ್ಕಿಗೆ ಪೆಟ್ಟೇನೂ ಆಗಲಿಲ್ಲ, ಆದರೆ ಚೆನ್ನಾಗಿ ಹೆದರಿತು. ಮರುದಿನ ಬೆಳಿಗ್ಗೆ ಮೊದಲ ಸುತ್ತಿನ ಬ್ರೆಡ್ಡು ಒಲೆಯಿಂದ ಇಳಿಸಿ, ಹಿಟ್ಟು ತರಲು ಉಗ್ರಾಣಕ್ಕೆ ಹೋದವನಿಗೆ ಖಾಲಿ ಚೀಲದ ಮೇಲೆ ಮೂರು ಮರಿ ಕಂಡವು. ಎರಡು ಆಗಲೇ ಸತ್ತಿದ್ದವು. ಮೂರನೆಯದು ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅವನು ಎರಡು ಸಲ ಅದನ್ನು ತಾಯಿಯ ಪಕ್ಕಕ್ಕೆ ಸರಿಸಿದ. ಎರಡು ಸಲವೂ ಬೆಕ್ಕು ಎದ್ದು ಬೇರೆ ಮೂಲೆಗೆ ಹೋಯಿತು.

ಈಸ್ಟು ತೂಗುವ ಪುಟ್ಟ ತಕ್ಕಡಿ ಕೈಗೆ ಸಿಕ್ಕಿತು. ಕಾಗದ ಹಾಸಿ ಮರಿಯನ್ನು ಇಟ್ಟ. ಐವತ್ತೆಂಟು ಗ್ರಾಂ. ಅವನು ಒಂದು ಬನ್ನಿಗೆ ಹಾಕುತ್ತಿದ್ದ ಹಿಟ್ಟೇ ಅರವತ್ತು ಗ್ರಾಂ. ಒಲೆಯನ್ನು ಜೊತೆಗಾರನ ಕೈಗೊಪ್ಪಿಸಿ, ಮರಿಯನ್ನು ಟೋಪಿಯೊಳಗೆ ಹಾಕಿಕೊಂಡು, ತಕ್ಕಡಿಯನ್ನೂ ಕಂಕುಳಲ್ಲಿ ಅವುಚಿಕೊಂಡು ಮನೆಗೆ ಓಡಿದ.

ಹೆಂಡತಿಗೆ ಅಂದು ಮಧ್ಯಾಹ್ನದ ಪಾಳಿ. ಟೋಪಿಯೊಳಗೆ ಬೆರಳಿಟ್ಟು ನೋಡಿದಳು.

"ಮಂಜಿನ ಹಾಗೆ ತಣ್ಣಗಿದೆ ರೀ. ಹೊಟ್ಟೆ ಮೇಲೆ ಕೂದಲೇ ಇಲ್ಲ. ದಿನ ತುಂಬಿಲ್ಲ ಇದಕ್ಕೆ."

"ಬದುಕುತ್ತಾ?"

"ನಮ್ಮ ವಾರ್ಡಲ್ಲಿ ಆ ಪ್ರಶ್ನೆ ಕೇಳಬಾರದು. ಬಿಸಿನೀರು ತನ್ನಿ."

ಅಷ್ಟರಲ್ಲಿ ತಾಯಿ ಅಡುಗೆಮನೆಯಿಂದ ಬಟ್ಟಲು ಹಿಡಿದು ಬಂದಳು. "ಹಾಲು ಬೆಚ್ಚಗೆ ಮಾಡಿದೀನಿ."

"ಹಸುವಿನ ಹಾಲು ಇದಕ್ಕೆ ಒಗ್ಗಲ್ಲ ಅತ್ತೆ. ಅದೂ ಅಲ್ಲದೆ ಮೈ ಬೆಚ್ಚಗಾಗೋ ತನಕ ಏನೂ ಕುಡಿಸಬಾರದು."

"ನೀವು ಓದಿದೋರು. ನೀವು ಹೇಳಿದ ಹಾಗೇ ಆಗಲಿ" ಎಂದಳು ತಾಯಿ. ಆ ಹಾಲನ್ನು ತಾನೇ ಕುಡಿದು, ಬಟ್ಟಲನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಕೆಳಗಿಟ್ಟಳು.

ಬೇಕರಿಯವನು ಪಶುವೈದ್ಯರ ಬಳಿ ಹೋಗಿ ಮರಿಬೆಕ್ಕಿನ ಹಾಲುಪುಡಿಯ ಡಬ್ಬಿ ತಂದ. "ಪ್ರಯತ್ನ ಮಾಡಿ, ಆಸೆ ಮಾತ್ರ ಇಟ್ಕೋಬೇಡಿ" ಎಂದು ವೈದ್ಯರು ಕೊಟ್ಟ ಸಲಹೆಯನ್ನೂ ಡಬ್ಬಿಯ ಜೊತೆಗೇ ತಂದ. ಬಿಸ್ಕತ್ತಿನ ಪೆಟ್ಟಿಗೆಗೆ ಉಣ್ಣೆಬಟ್ಟೆ ಹಾಸಿ, ಕರೆಂಟಿನ ಬಿಸಿಪಟ್ಟಿ ಇಟ್ಟು ಮರಿಗೆ ಹಾಸಿಗೆಯಾಯಿತು. ಫ್ರಿಜ್ಜಿನ ಬಾಗಿಲಿಗೆ ಸೊಸೆ ಒಂದು ಹಾಳೆ ಅಂಟಿಸಿದಳು. ಹೊತ್ತು, ತೂಕ, ಹಾಲು ಎಷ್ಟು ಹನಿ, ಮೂತ್ರ ಆಯಿತೋ ಇಲ್ಲವೋ. ಎರಡು ಗಂಟೆಗೊಮ್ಮೆ ಬರೆಯಬೇಕು.

ತಾಯಿ ಕನ್ನಡಕ ಹಾಕಿಕೊಂಡು ಹಾಳೆಯ ಮುಂದೆ ಬಹಳ ಹೊತ್ತು ನಿಂತಳು. "ಎಲ್ಲಾ ಇದೆ" ಎಂದು ಮಗನಿಗೆ ಹೇಳಿದಳು. "ನೀನು ಊಟ ಮಾಡಿದ್ಯೋ ಇಲ್ವೋ ಅಂತ ಬರೆಯೋಕೆ ಮಾತ್ರ ಜಾಗ ಬಿಟ್ಟಿಲ್ಲ."

ಸೊಸೆಗೆ ಕೇಳಿಸಿತು. ತುಟಿ ಕಚ್ಚಿಕೊಂಡು ಹಾಲುಪುಡಿ ಕಲಸಲು ಹೋದಳು.

ಮರಿಗೆ ಚೀಪಲು ಬರುತ್ತಿರಲಿಲ್ಲ. ಅಷ್ಟನ್ನು ಕಲಿಯುವ ಮೊದಲೇ ಹೊರಗೆ ಬಂದುಬಿಟ್ಟಿತ್ತು. ಬೋರಲಾಗಿ ಮಲಗಿಸಿ, ಡ್ರಾಪರಿನಿಂದ ತುಟಿಯಂಚಿಗೆ ಒಂದೊಂದೇ ಹನಿ ಬಿಡಬೇಕು. ಅದು ನುಂಗಿತು ಎಂದು ಗಂಟಲು ನೋಡಿ ಖಾತ್ರಿ ಮಾಡಿಕೊಂಡು ಮುಂದಿನ ಹನಿ. ಬೇಕರಿಯವನು ಒಮ್ಮೆ ಕೈ ಹಾಕಿ ನೋಡಿದ. ಅವನ ಅಂಗೈ ಬ್ರೆಡ್ಡಿನಷ್ಟಗಲ. ಡ್ರಾಪರೂ ಕಾಣಲಿಲ್ಲ, ಮರಿಯೂ ಕಾಣಲಿಲ್ಲ. ತೂಗುವ ಕೆಲಸವನ್ನಷ್ಟೇ ಅವನಿಗೆ ವಹಿಸಿ, ಉಳಿದದ್ದರಿಂದ ಬಿಡುಗಡೆ ಮಾಡಿದರು.

ನಾಲ್ಕನೆಯ ದಿನ ತಕ್ಕಡಿ ಐವತ್ತನಾಲ್ಕು ತೋರಿಸಿತು. ಅವನು ತಕ್ಕಡಿಯನ್ನು ಒರೆಸಿ ಮತ್ತೆ ತೂಗಿದ. ಐವತ್ತನಾಲ್ಕೇ. ಸೊಸೆ ಡ್ರಾಪರು ಹಿಡಿದು ಕೂತಳು. ಇಳಿದ ನಾಲ್ಕು ಗ್ರಾಮನ್ನು ಒಂದೇ ಸಲಕ್ಕೆ ತುಂಬಿಸಿಬಿಡುವ ಆತುರ ಅವಳ ಬೆರಳಿಗೆ ಬಂದಿತ್ತೋ ಏನೋ, ಮೂರನೆಯ ಹನಿಗೆ ಮರಿಯ ಮೂಗಿನಿಂದ ಹಾಲಿನ ಗುಳ್ಳೆ ಎದ್ದಿತು.

"ನಿಧಾನ ಕಣೇ! ಉಸಿರು ಎಳ್ಕೊಳ್ಳೋಕಾದ್ರೂ ಬಿಡು" ಎಂದಳು ತಾಯಿ. "ನಿನಗೇನು ಬಸ್ಸು ಹೊರಡುತ್ತಾ?"

ಸೊಸೆ ಮರಿಯ ತಲೆ ತಗ್ಗಿಸಿ ಹಿಡಿದು, ಹತ್ತಿಯಿಂದ ಮೂಗು ಒರೆಸಿದಳು. ಮರಿ ಸೀನಿತು, ಕಾಲು ಕೊಡವಿತು, ಮತ್ತೆ ಉಸಿರಾಡತೊಡಗಿತು. ಬಾಗಿಲಲ್ಲಿ ನಿಂತಿದ್ದ ಬೇಕರಿಯವನು ಮಾತ್ರ ಉಸಿರು ಬಿಗಿಹಿಡಿದೇ ಇದ್ದ. ಎರಡು ವರ್ಷ ಜೋಪಾನವಾಗಿ ಕಾಯ್ದುಕೊಂಡು ಬಂದ ಬಹುವಚನ ಅವನ ಕಣ್ಣೆದುರೇ ಮುರಿದು ಬಿದ್ದಿತ್ತು.

ತಾಯಿಗೂ ಆಗಲೇ ಅರಿವಾಯಿತು. "ಏನೋ ಗಾಬರೀಲಿ... ಬಾಯಿ ತಪ್ಪಿ ಬಂತು. ನೀವು ತಪ್ಪು ತಿಳೀಬೇಡಿ."

"ಬಂತಲ್ಲ, ಸದ್ಯ" ಎಂದಳು ಸೊಸೆ ತಲೆಯೆತ್ತದೆ. "ಮತ್ತೆ ಒಳಗೆ ಹಾಕ್ಕೋಬೇಡಿ ಅತ್ತೆ. ಇಗೊಳ್ಳಿ, ನೀವು ಕುಡಿಸಿ. ಹೇಗೆ ನಿಧಾನ ಅಂತ ನಾನೂ ನೋಡ್ತೀನಿ."

ಅತ್ತೆ ಡ್ರಾಪರು ಇಸಕೊಂಡಳು. ಐದು ಹನಿ ಕುಡಿಸಲು ಕಾಲು ಗಂಟೆ ತೆಗೆದುಕೊಂಡಳು. ಒಂದು ಹನಿಯೂ ಹೊರಗೆ ಬರಲಿಲ್ಲ. ಕುಡಿಸಿ ಮುಗಿಸಿದ ಮೇಲೆ ತಾನೇ ಎದ್ದು ಹೋಗಿ, ಹಾಳೆಯ ಮೇಲೆ ದೊಡ್ಡದಾಗಿ ಐದು ಎಂದು ಬರೆದು ಬಂದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಜಗಳಕ್ಕೆ ಬಿಡುವೇ ಇಲ್ಲ. ಹಾಲು ಬಿಸಿಯಾಯಿತು, ತಣ್ಣಗಾಯಿತು, ಪೆಟ್ಟಿಗೆ ಕಿಟಕಿಯ ಹತ್ತಿರ ಬೇಕು, ಬೇಡ. ನಡುವೆ ರಾಜಿ ಮಾಡಿಸಲು ಹೋದ ಬೇಕರಿಯವನಿಗೆ ತಾಯಿ, "ನಾವಿಬ್ಬರು ಮಾತಾಡ್ತಿದೀವಿ, ನೀನ್ಯಾಕೋ ಮೂಗು ತೂರಿಸ್ತೀಯ?" ಎಂದಳು. ಹೆಂಡತಿ, "ಅಲ್ವೇ ಮತ್ತೆ?" ಎಂದು ದನಿಗೂಡಿಸಿದಳು. ಅವನು ಬೇಕರಿಗೆ ಹೊರಟುಹೋದ.

ಏಳನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಮನೆಯಲ್ಲಿದ್ದದ್ದು ತಾಯಿ ಒಬ್ಬಳೇ. ಪೆಟ್ಟಿಗೆಯ ಬಿಸಿಪಟ್ಟಿ ಮೆಲ್ಲಗೆ ಆರುತ್ತಿತ್ತು, ಮರಿಯ ಕಾಲು ತಣ್ಣಗಾಗುತ್ತಿತ್ತು. ಫೋನು ಮಾಡಿದರೆ ಸೊಸೆ ವಾರ್ಡಿನೊಳಗೆ, ಮಗ ಒಲೆಯ ಮುಂದೆ. ಇಬ್ಬರೂ ಎತ್ತಲಿಲ್ಲ. ಆಕೆ ಹಾಲು ಕಲಸಿ ಬೆಚ್ಚಗೆ ಫ್ಲಾಸ್ಕಿನಲ್ಲಿ ತುಂಬಿ, ಡ್ರಾಪರು ಕೈಗೆ ಸಿಗುವಂತೆ ಇಟ್ಟು, ಮರಿಯನ್ನು ಸ್ವೆಟರಿನೊಳಗೆ ಎದೆಗೆ ಹಾಕಿಕೊಂಡು ಗೋಡೆಗೊರಗಿ ಕೂತಳು. ಯಾರೋ ಬಾಗಿಲು ತಟ್ಟಿದರು. ಎದ್ದರೆ ಮರಿ ಜಾರೀತು. "ಮನೇಲಿ ಯಾರೂ ಇಲ್ಲ" ಎಂದು ಒಳಗಿನಿಂದ ಕೂಗಿ ಹೇಳಿದಳು. ತಟ್ಟಿದವರು ಸ್ವಲ್ಪ ಹೊತ್ತು ಯೋಚಿಸಿ ಹೊರಟುಹೋದರು.

ಸಂಜೆ ಸೊಸೆ ಬಂದಾಗ ಕರೆಂಟು ಇನ್ನೂ ಬಂದಿರಲಿಲ್ಲ. ಖಾಲಿ ಪೆಟ್ಟಿಗೆ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಇಲ್ಲಿದೆ ಕಣೇ, ಗಾಬರಿ ಬೀಳಬೇಡ. ಎರಡು ಸಲ ಕುಡಿದಿದೆ. ಒಂದು ಸಲ ನನ್ನ ಮೇಲೇ ಮಾಡಿದೆ, ಅದನ್ನೂ ಬರ್ಕೋ. ನನ್ನ ಕಾಲು ಮಾತ್ರ ನನ್ನ ಹತ್ತಿರ ಇಲ್ಲ, ಮರಗಟ್ಟಿದೆ."

ಸೊಸೆ ಸ್ವೆಟರಿನೊಳಗೆ ಕೈ ಹಾಕಿದಳು. ಮರಿ ಬೆಚ್ಚಗಿತ್ತು. ಅವಳು ಪಕ್ಕದಲ್ಲೇ ಕುಸಿದು ಕೂತು, ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದಳು.

"ನಮ್ಮ ವಾರ್ಡಲ್ಲಿ ಅಮ್ಮಂದಿರಿಗೆ ಇದನ್ನೇ ಹೇಳ್ಕೊಡ್ತೀವಿ ಅತ್ತೆ. ಎದೆಗೆ ಹಾಕ್ಕೊಂಡು ಕೂರಿ ಅಂತ. ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಿನ್ನ ಗಂಡ ಎಂಟು ತಿಂಗಳಿಗೇ ಬಂದುಬಿಟ್ಟ. ಉಳಿಯಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು. ಬೇರೇನೂ ತೋಚಲಿಲ್ಲ. ನಲವತ್ತು ದಿನ ಹೀಗೇ ಕೂತಿದ್ದೆ."

ಸೊಸೆಗೆ ಇದು ಗೊತ್ತಿರಲಿಲ್ಲ. ಉಜ್ಜುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಆ ಕಾಲನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಅದೇ ಹೊತ್ತಿಗೆ ಬೇಕರಿಯವನು ಮೈತುಂಬ ಹಿಟ್ಟು ಮೆತ್ತಿಕೊಂಡು, ತಲೆ ತಗ್ಗಿಸಿ ಬಾಗಿಲು ದಾಟಿ ಬಂದ.

"ಇವರಾ?" ಎಂದಳು ಸೊಸೆ.

"ಇವನೇ. ಮೊಣಕೈಯಿಂದ ಅಂಗೈವರೆಗೂ ಬರ್ತಿರಲಿಲ್ಲ. ಆಮೇಲೆ ಬೆಳೆಯೋದನ್ನ ನಿಲ್ಲಿಸೋಕೇ ಮರೆತುಬಿಟ್ಟ."

ಇಬ್ಬರೂ ನಗತೊಡಗಿದರು. "ಏನಾಯ್ತು? ಏನಂದೆ ನಾನು?" ಎಂದು ಅವನು ಕೇಳಿದಷ್ಟೂ ನಗು ಹೆಚ್ಚಾಯಿತು.

ಒಂಬತ್ತನೆಯ ದಿನ ಮರಿ ಅತ್ತೆಯ ಕಿರುಬೆರಳನ್ನು ಹಿಡಿದು ಚೀಪಿತು. ಹಿಡಿತ ಎಷ್ಟು ಬಲವಾಗಿತ್ತೆಂದರೆ ಬೆರಳು ಬಿಡಿಸಿಕೊಂಡು ಹಾಲಿನ ಸೀಸೆಯ ರಬ್ಬರು ತೊಟ್ಟು ಬಾಯಿಗಿಡಲು ಇಬ್ಬರು ಬೇಕಾದರು. ತೂಕ ನೂರು ಗ್ರಾಂ ದಾಟುವವರೆಗೆ ಹೆಸರಿಡುವಂತಿಲ್ಲ ಎಂದು ಸೊಸೆ ಕಟ್ಟಪ್ಪಣೆ ಮಾಡಿದ್ದಳು. ನೂರು ಗ್ರಾಂ ಆದ ದಿನ ಅತ್ತೆ ರಾಣಿ ಎಂದಳು, ಸೊಸೆ ಚಿಟಿಕೆ ಎಂದಳು. ಒಪ್ಪಂದವಾಗದೆ ಎರಡು ಹೆಸರೂ ಉಳಿದವು. ಮರಿ ಯಾವುದಕ್ಕೂ ಓಗೊಡಲಿಲ್ಲ. ಹದಿನಾರನೆಯ ದಿನ ಎಡಗಣ್ಣು ತೆರೆಯಿತು, ಎರಡು ದಿನದ ಮೇಲೆ ಬಲಗಣ್ಣು. ಐದನೆಯ ವಾರ ಪಶುವೈದ್ಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಹೆಣ್ಣಲ್ಲ, ಗಂಡು ಎಂದರು. ರಾಣಿ ಎಂಬ ಹೆಸರು ಅಲ್ಲಿಗೆ ಬಿದ್ದುಹೋಯಿತು. ಅತ್ತೆ ಎರಡು ದಿನ ವೈದ್ಯರ ಓದಿನ ಬಗ್ಗೆಯೇ ಅನುಮಾನಪಟ್ಟಳು.

ಅದೇ ವಾರ ಒಂದು ಸಂಜೆ ಸೊಸೆ ತಡವಾಗಿ ಬಂದು, ಚಪ್ಪಲಿ ಬಿಡದೆ ಮೆಟ್ಟಿಲ ಮೇಲೇ ಕೂತಳು. ಕಣ್ಣು ಕೆಂಪಗಿದ್ದವು. ಅತ್ತೆ ಬಂದು ಪಕ್ಕದಲ್ಲಿ ಕೂತಳು.

"ಏನಾಯ್ತೇ?"

ಅವಳು ವಾರ್ಡಿನ ಕೂಸುಗಳ ಸುದ್ದಿಯನ್ನು ಅದುವರೆಗೆ ಮನೆಗೆ ತಂದವಳಲ್ಲ. "ಎಪ್ಪತ್ತೊಂದು ದಿನ ನೋಡ್ಕೊಂಡಿದ್ದೆ ಅತ್ತೆ" ಎಂದಳು. "ಒಂಬೈನೂರು ಗ್ರಾಂ ಇದ್ದ ಕೂಸು. ಇವತ್ತು ಮನೆಗೆ ಹೋಯ್ತು. ಹೋಗುವಾಗ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ."

"ಹೇಗೇ ನೋಡುತ್ತೆ? ಅದಕ್ಕೆ ಕತ್ತು ನಿಂತಿದೆಯಾ?"

ಸೊಸೆ ಅಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡು, ಆ ಕೂಸು ಬಂದ ಮೊದಲ ದಿನದಿಂದ ಹೇಳತೊಡಗಿದಳು. ಅತ್ತೆ ನಡುನಡುವೆ ತಪ್ಪು ಹುಡುಕುತ್ತ, ಕೊನೆಯವರೆಗೂ ಕೂತು ಕೇಳಿದಳು.