ಎದುರಂಗಡಿಯ ಕೊಪ್ಪರಿಗೆ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅರಿಶಿನ ಬೇಯಿಸುವ ಕೊಪ್ಪರಿಗೆ ಮಾಡುವವರು ಇಬ್ಬರಿದ್ದರು. ಈಚೆ ಅಬ್ದುಲ್ ರಹೀಂ, ಆಚೆ ಕನಕರಾಜು. ಇಬ್ಬರ ನಡುವೆ ಮಾತಿರಲಿಲ್ಲ. ಅದರಿಂದ ರೈತರಿಗೇನೂ ನಷ್ಟವಿರಲಿಲ್ಲ ಬಿಡಿ. ಈಚೆಯ ಕೊಪ್ಪರಿಗೆಯನ್ನು ಕಲ್ಲಿನಿಂದ ಕುಟ್ಟಿ ನಾದ ಕೇಳುವುದು, ರಸ್ತೆ ದಾಟಿ ಆಚೆಯದನ್ನು ಕುಟ್ಟುವುದು, ಮತ್ತೆ ಈಚೆ ಬಂದು ಮೂಗು ಮುರಿಯುವುದು, ಕೊನೆಗೆ ಯಾವುದೋ ಒಂದನ್ನು ಗಾಡಿಗೇರಿಸುವುದು. ಅರಿಶಿನ ಕೀಳುವ ಕಾಲ ಬಂತೆಂದರೆ ಅಲ್ಲಿ ಟೀ ಕುಡಿಯುವವರ ಕಿವಿಯ ಗತಿ ದೇವರಿಗೇ ಪ್ರೀತಿ.

ಚಾಮರಾಜನಗರ ಹೊಸ ಜಿಲ್ಲೆಯಾಗಿ ಎಂಟು ವರ್ಷವಾಗಿತ್ತು. ಆ ಊರಿನ ಹೊರಗೆ ಕೈಗಾರಿಕೆಗೆಂದು ಶೆಡ್ಡುಗಳು ಎದ್ದವು. ವಿಶಾಲ ಜಾಗ, ದಿನವಿಡೀ ಕರೆಂಟು. ರಹೀಂ ಹಿಗ್ಗಿಹೋದ. ಕರೆಂಟಿಗಿಂತ, ಬೆಳಗೆದ್ದು ಕನಕರಾಜುವಿನ ಮುಖ ನೋಡುವುದು ತಪ್ಪುತ್ತದಲ್ಲ ಎಂಬುದೇ ಅವನಿಗೆ ದೊಡ್ಡ ಖುಷಿ.

“ಅಲ್ಲಿ ಅಕ್ಕಪಕ್ಕ ಯಾರಿದ್ದಾರೆ?” ಎಂದು ಹೆಂಡತಿ ಆಮಿನಾ ಕೇಳಿದಳು.

“ಯಾರೂ ಇಲ್ಲ. ಅದೇ ನನಗೆ ಬೇಕಾಗಿರೋದು.”

ಗಂಡ ಹೆಂಡತಿ ಹಳೆಯ ಬಾಡಿಗೆ ಅಂಗಡಿ ಖಾಲಿ ಮಾಡಿ ಅಲ್ಲಿಯ ಒಂದು ಶೆಡ್ಡಿಗೆ ಹೋದರು. ಕೊಪ್ಪರಿಗೆ ಮಾರಾಟವಾಗುವುದು ವರ್ಷಕ್ಕೆ ಒಂದೇ ಸುಗ್ಗಿಯಲ್ಲಿ. ಅದು ಕೈಕೊಟ್ಟರೆ ಮುಂದಿನ ಸುಗ್ಗಿಯವರೆಗೆ ಮನೆ ನಡೆಯುವಂತಿರಲಿಲ್ಲ.

ಸುಗ್ಗಿ ಶುರುವಾಯಿತು. ಉಡಿಗಾಲದ ರೈತ ದೊಡ್ಡಮಲ್ಲಪ್ಪ ಬಂದ. ಕೊಪ್ಪರಿಗೆ ಕುಟ್ಟಿದ. ಒಳ್ಳೆಯ ನಾದ. ತಲೆಯಾಡಿಸಿ, ಹೊರಗೆ ನೋಡಿದ.

“ಎದ್ರುಗೆ ಬ್ಯಾರೆ ಅಂಗ್ಡಿ ಇಲ್ವಾ ಸಾಬ್ರೇ?”

“ಇಲ್ಲ. ನಂದೊಂದೇ.”

“ಒಂದೇ ನೋಡ್ಬುಟ್ಟು ಎಂಗೆ ತಕ್ಕಳದು? ಗುಂಡ್ಲುಪೇಟ್ಗೂ ಓಗಿ ಕುಟ್ಟಿ ನೋಡ್ಕಂಡು ಬತ್ತೀನಿ ಬುಡಿ.”

ಹೋದವನು ಬರಲಿಲ್ಲ. ಆಮೇಲೆ ಬಂದವರೂ ಅದೇ ಮಾತಾಡಿ ಹೋದರು. ಕೊಪ್ಪರಿಗೆಗಳು ಸಾಲಾಗಿ ಬೋರಲು ಬಿದ್ದಿದ್ದವು. ರಹೀಂಗೆ ಭಯವಾಯಿತು. ಬೇಸರಕ್ಕೆ ಒಂದು ದಿನ ತಾನೇ ಒಂದನ್ನು ಜೋರಾಗಿ ಕುಟ್ಟಿದ. ಎದುರಿನಿಂದ ಯಾರೂ ತಿರುಗಿ ಕುಟ್ಟಲಿಲ್ಲ.

ವಾರದೊಳಗೆ ಆ ಎದುರಂಗಡಿಯವನೇ ಬಸ್ಸಿಳಿದು ಬಂದ. ಕನಕರಾಜು ಬಾಗಿಲಲ್ಲೇ ನಿಂತು, ಮಾರಾಟವಾಗದ ಸಾಲನ್ನು ನೋಡಿದ. ಅವನ ಮುಖವೂ ಬಾಡಿತ್ತು.

“ಎಲ್ಲಾ ಇಲ್ಲೇ ಅವಲ್ಲ ಸಾಬ್ರೇ? ನನ್ ತಾವೂ ಇಂಗೇ ಬಿದ್ದವೆ. ದೊಡ್ಡಮಲ್ಲಪ್ಪ ಬಂದಿದ್ದ. ಎದ್ರು ಅಂಗ್ಡಿ ಬಾಗ್ಲು ಮುಚ್ಚಿರದ ಕಂಡು, ಒಬ್ನೇ ಇದ್ರೆ ಮೋಸ ಮಾಡ್ತಾನೆ ಅಂದ್ಬುಟ್ಟು ಈರೋಡ್‌ಗೆ ಓದ. ಎಲ್ರೂ ಆ ಕಡೀಕೇ ಓಯ್ತಾವ್ರೆ.”

ರಹೀಂ ಸ್ಟೂಲು ಎಳೆದುಕೊಟ್ಟ. ಕನಕರಾಜು ಕೂರದೆ ಜೇಬಿನಿಂದ ಒಂದು ಬೀಗದ ಕೈ ತೆಗೆದ.

“ನಿಮ್ಮ ಅಂಗ್ಡೀದು. ಇನ್ಯಾರೂ ಬಂದು ಕೂರ್ಬಾರ್ದು ಅಂತ ನೀವು ಬುಟ್ ದಿನವೇ ನಾನು ಬಾಡ್ಗೆಗೆ ತಕ್ಕಂಡೆ. ಸುಗ್ಗಿ ಇನ್ನೂ ಮುಗ್ದಿಲ್ಲ. ಬನ್ನಿ.”

ರಹೀಂ ಬೀಗದ ಕೈ ಮುಟ್ಟಲಿಲ್ಲ. ಇಷ್ಟು ವರ್ಷದ ಸಿಟ್ಟು ಒಂದೇ ಸಲಕ್ಕೆ ಹೊರಬಂತು.

“ನನ್ನ ಕೊಪ್ಪರಿಗೆ ಒಡೆದ ಮಡಕೆ ಸದ್ದು ಮಾಡ್ತದೆ ಅಂತ ಬಂದವರಿಗೆಲ್ಲ ಹೇಳ್ದವ್ರು ನೀವೇ ಅಲ್ವಾ?”

“ಇನ್ನೂ ಯೋಳ್ತೀನಿ,” ಎಂದ ಕನಕರಾಜು. “ಅದ ಕೇಳುದ್ರೇನೇ ರೈತ್ರು ಎರಡ್ನೂ ಕುಟ್ಟಿ ಒಂದ ತಕ್ಕಳದು. ಅದ್ಕೇ ಬನ್ನಿ ಅಂತಿರಾದು.”